ಎರಡು ವರ್ಷದ ಕಪ್ಪಿಂಗ್: ಹೆಗಲು ಸಡಿಲವಾಯಿತು, ನೋವು ಪೂರ್ತಿ ಹೋಗಲಿಲ್ಲ

ನಾನು ದಾವಣಗೆರೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ. 15 ವರ್ಷ ಮೆಷಿನ್ ಮುಂದೆ ಬಗ್ಗಿ ಬಗ್ಗಿ ಬಲ ಹೆಗಲಿನಿಂದ ಕತ್ತಿನವರೆಗೆ ಹಗ್ಗ ಹೊಸೆದ ಹಾಗೆ ಬಿಗಿ. ವರಮಹಾಲಕ್ಷ್ಮಿ ಹಬ್ಬದ ಆರ್ಡರ್ ಮುಗಿಯುವ ಹೊತ್ತಿಗೆ ಯಾರಾದರೂ ಹಿಂದಿನಿಂದ ಕರೆದರೆ ಕತ್ತು ತಿರುಗುತ್ತಿರಲಿಲ್ಲ, ಇಡೀ ಮೈ ತಿರುಗಿಸಿ ನೋಡಬೇಕಿತ್ತು. ಗಿರಾಕಿಯೊಬ್ಬರು ಹೇಳಿದರು ಅಂತ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋದೆ.

ಅಲ್ಲಿ ಮಾಡುವುದು ಕಪ್ಪಿಂಗ್: ಬೆನ್ನಿಗೆ ಎಣ್ಣೆ ಸವರಿ, ಪ್ಲಾಸ್ಟಿಕ್ ಕಪ್ ಇಟ್ಟು, ಕೈಪಂಪಿನಿಂದ ಒಳಗಿನ ಗಾಳಿ ಎಳೆಯುತ್ತಾರೆ. ಚರ್ಮ ಪೂರಿಯಂತೆ ಉಬ್ಬಿ ಕಪ್ಪಿನೊಳಗೆ ಏರುತ್ತದೆ. ಕೆಲವನ್ನು 5ರಿಂದ 10 ನಿಮಿಷ ಹಾಗೇ ಬಿಡುತ್ತಾರೆ, ಒಂದನ್ನು ಹಿಡಿದು ಬೆನ್ನಿನ ಉದ್ದಕ್ಕೂ ಜಾರಿಸುತ್ತಾರೆ, ಗಂಟು ಕಟ್ಟಿದ ಜಾಗಕ್ಕೆ ಬಂದಾಗ ಬಾಯಿಂದ ಅಮ್ಮಾ ಅಂತ ತಾನೇ ಬರುತ್ತದೆ. ಇದರಲ್ಲಿ ರಕ್ತ ತೆಗೆಯುವುದಿಲ್ಲ. ಚರ್ಮ ಸಣ್ಣಗೆ ಗೀರಿ ರಕ್ತ ತೆಗೆಯುವ ಪದ್ಧತಿ ಯುನಾನಿಯವರ ಹಿಜಾಮಾದಲ್ಲಿದೆ, ಅದನ್ನು ನಾನು ಮಾಡಿಸಿಲ್ಲ.

ಮೊದಲ ಸಲ ಮಾಡಿಸಿದ ರಾತ್ರಿ ಎಷ್ಟೋ ತಿಂಗಳ ಮೇಲೆ ಬಲ ಮಗ್ಗುಲಲ್ಲಿ ಮಲಗಿದೆ. ಆದರೆ ಆ ಸುಖ ನಾಲ್ಕೈದು ದಿನ, ಅಷ್ಟೇ. ಆಮೇಲೆ ಮತ್ತೆ ಅದೇ ಬಿಗಿ. ಆರು ತಿಂಗಳು ಹೀಗೇ ನಡೆದ ಮೇಲೆ ಕ್ಲಿನಿಕ್ಕಿನವರೇ ಸ್ಟೂಲ್ ಬಿಟ್ಟು ಬೆನ್ನಿಗೆ ಆಸರೆ ಇರುವ ಕುರ್ಚಿ ಹಾಕಿಕೊಳ್ಳಿ, ದಿನಾ ಹೆಗಲಿನ ವ್ಯಾಯಾಮ ಮಾಡಿ ಎಂದರು. ನಿಜವಾದ ವ್ಯತ್ಯಾಸ ಕಂಡಿದ್ದು ಆಗ. ಕಪ್ಪಿಂಗ್ ಮಾಡಿಸಿದ ಮರುದಿನ ವ್ಯಾಯಾಮ ಸಲೀಸಾಗುತ್ತದೆ ಅನ್ನೋದಕ್ಕೇ ಈಗಲೂ ಹೋಗುತ್ತೇನೆ, ಒಂದು ಸಲಕ್ಕೆ 600 ರೂಪಾಯಿ.

ಕಲೆ ಮಾತ್ರ ಕೇಳಬೇಡಿ. ಬೆನ್ನ ತುಂಬಾ ನಿಪ್ಪಟ್ಟಿನಷ್ಟು ಅಗಲದ ನೇರಳೆ ಗುಂಡುಗಳು, ಹೋಗೋಕೆ ನನಗೆ ಒಂದು ವಾರ ಬೇಕು. ಅಳತೆ ಕೊಡಲು ಬಂದವರೊಬ್ಬರು ಮೆಲ್ಲಗೆ ‘ಮನೇಲಿ ಏನಾದ್ರೂ ಜಗಳ ಆಯ್ತೇನಮ್ಮಾ?’ ಅಂದರು! 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕಲ್ ಫೆಲ್ಪ್ಸ್ ಹೆಗಲ ಮೇಲಿದ್ದದ್ದೂ ಇವೇ ಅಂತ ಅವರಿಗೆ ಫೋನಿನಲ್ಲಿ ಫೋಟೋ ತೋರಿಸಬೇಕಾಯಿತು. ಕಲೆ ಕಪ್ಪಾದಷ್ಟೂ ಮೈಯ ವಿಷ ಹೊರಬರುತ್ತದೆ ಅನ್ನೋದು ಸುಮ್ನೆ ಮಾತು. ಎಳೆತಕ್ಕೆ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಒಡೆದು ರಕ್ತ ಅಲ್ಲೇ ನಿಲ್ಲುತ್ತದೆ, ಅದೇ ಕಲೆ.

ಒಮ್ಮೆ ದುಡ್ಡು ಉಳಿಸಲು ಹೊಸದಾಗಿ ತೆರೆದ ಇನ್ನೊಂದು ಕಡೆ ಹೋದೆ. ಕಪ್ ಇಟ್ಟವಳು ಫೋನಿನಲ್ಲಿ ಮಾತಾಡುತ್ತಾ ಮರೆತೇಬಿಟ್ಟಳು. ಎರಡು ಕಡೆ ನೀರುಗುಳ್ಳೆ ಎದ್ದು, ವಾರವಿಡೀ ಬೋರಲು ಮಲಗಿದೆ. ಆನ್‌ಲೈನ್‌ನಲ್ಲಿ 12 ಕಪ್ಪಿನ ಸೆಟ್ಟನ್ನೂ ತರಿಸಿ ನೋಡಿದೆ. ನನ್ನ ಬೆನ್ನು ನನಗೇ ಎಟುಕುವುದಿಲ್ಲ, ಯಜಮಾನರು ಸೈಕಲ್ಲಿಗೆ ಗಾಳಿ ಹೊಡೆಯುವ ಹಾಗೆ ಪಂಪ್ ಮಾಡುತ್ತಾರೆ. ಈಗ ಅದು ಅಟ್ಟದ ಮೇಲಿದೆ.

ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಕೈ ಜೋಮು ಹಿಡಿಯುವವರು ಮೊದಲು ಡಾಕ್ಟರಿಗೆ ತೋರಿಸಿ. ನನ್ನ ಮುಂದಿನ ಸರದಿ ದೀಪಾವಳಿ ಆರ್ಡರ್ ಎಲ್ಲ ಕೊಟ್ಟ ಮೇಲೆ. ಆ ವಾರ ಹಿಂದೆ ಡೀಪ್ ಇರುವ ಬ್ಲೌಸ್ ಹಾಕುವುದಿಲ್ಲ.