ನಾಗರಭಾವಿಯಿಂದ ಕತ್ರಿಗುಪ್ಪೆಗೆ ಶಾಲಾ ಬಸ್ಸು: ಒಂದನೇ ತರಗತಿಯ ಮಗುವಿಗೆ ಈ ದೂರ ಸರಿಯೇ?

ಬೆಂಗಳೂರಿನ ನಾಗರಭಾವಿ ಎರಡನೇ ಹಂತದಿಂದ ಕತ್ರಿಗುಪ್ಪೆಯ ಬಳಿಯ ಖಾಸಗಿ ಶಾಲೆಯೊಂದಕ್ಕೆ ಹೋಗಿಬರುವ ಶಾಲಾ ಬಸ್ಸಿನಲ್ಲಿ ನನ್ನ ಮಗಳು ಒಂದನೇ ತರಗತಿಯಿಂದಲೂ ಓಡಾಡುತ್ತಿದ್ದಾಳೆ. ಈಗ ಅವಳು ನಾಲ್ಕನೇ ತರಗತಿ. ಅವಳ ತಮ್ಮನನ್ನು ಕಳೆದ ಜೂನ್‌ನಲ್ಲಿ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಶಾಲೆಗೆ ಸೇರಿಸಿದೆವು. ಒಂದೇ ಮನೆಯಿಂದ ಎರಡೂ ಬಗೆಯನ್ನು ನೋಡುತ್ತಿರುವುದರಿಂದ, ಬರುವ ವರ್ಷಕ್ಕೆ ಶಾಲೆ ಹುಡುಕುತ್ತಿರುವ ನಮ್ಮ ಭಾಗದ ಪೋಷಕರಿಗೆ ಉಪಯೋಗವಾಗಲೆಂದು, ಬಸ್ಸಿನ ಸೇವೆ ಹೇಗಿದೆ ಎಂಬುದನ್ನೂ ಸಣ್ಣ ಮಗುವಿಗೆ ಆ ದೂರ ಹೊಂದುತ್ತದೆಯೇ ಎಂಬುದನ್ನೂ ಬೇರೆಬೇರೆಯಾಗಿಯೇ ಇಟ್ಟುಕೊಂಡು ಬರೆಯುತ್ತಿದ್ದೇನೆ. ಶಾಲೆಯ ಹೆಸರು ಬರೆದಿಲ್ಲ. ಮುಂದೆ ಹೇಳುವ ತೊಂದರೆಗಳಲ್ಲಿ ಹೆಚ್ಚಿನವು ದೂರದಿಂದ ಹುಟ್ಟಿದವಾದ್ದರಿಂದ ಅವನ್ನು ಆ ಶಾಲೆಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಮೊದಲು ಸೇವೆಯ ವಿಚಾರ. ಬಸ್ಸನ್ನು ಚೊಕ್ಕಟವಾಗಿ ಇಟ್ಟಿದ್ದಾರೆ, ಕಿಟಕಿಗಳಿಗೆ ಅಡ್ಡ ಸರಳುಗಳಿವೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮತ್ತು ಬೆಂಕಿ ನಂದಿಸುವ ಸಿಲಿಂಡರ್ ಕೈಗೆ ಸಿಗುವ ಜಾಗದಲ್ಲಿವೆ, ಪ್ರತಿ ಮಗುವಿಗೂ ಕೂರಲು ಸೀಟಿದೆ. 1997ರಲ್ಲಿ ಸುಪ್ರೀಂ ಕೋರ್ಟ್ ಶಾಲಾ ಬಸ್ಸುಗಳಿಗೆ ವಿಧಿಸಿದ ಷರತ್ತುಗಳಲ್ಲಿ ಇವು ಬರುತ್ತವೆಯಾದರೂ, ಓಮ್ನಿ ವ್ಯಾನುಗಳಲ್ಲಿ ಮಕ್ಕಳು ಒಬ್ಬರ ತೊಡೆಯ ಮೇಲೊಬ್ಬರು ಕುಳಿತು ಹೋಗುವುದನ್ನು ಅದೇ ರಸ್ತೆಯಲ್ಲಿ ದಿನವೂ ನೋಡುವ ನನಗೆ ಈ ಶಾಲೆ ಅವನ್ನು ತಪ್ಪದೆ ಪಾಲಿಸುತ್ತಿರುವುದು ದೊಡ್ಡ ಸಮಾಧಾನ. ಚಾಲಕರು ನಿಧಾನಸ್ಥರು. ಬಸ್ಸಿನಲ್ಲಿರುವ ಆಯಾ ಅವರನ್ನು ವಿಶೇಷವಾಗಿ ನೆನೆಯಬೇಕು: ಯಾವ ಮಗುವನ್ನು ಯಾರ ಕೈಗೆ ಒಪ್ಪಿಸಬೇಕೆಂಬುದು ಅವರಿಗೆ ಬಾಯಿಪಾಠ, ಗೊತ್ತಿಲ್ಲದ ಮುಖ ಬಂದರೆ ಫೋನ್ ಮಾಡಿ ಕೇಳದೆ ಮಗುವನ್ನು ಇಳಿಸುವುದಿಲ್ಲ. ಬಸ್ಸು ಎಲ್ಲಿದೆ ಎಂದು ತೋರಿಸುವ ಆ್ಯಪ್ ಕೂಡ ಬಹುಪಾಲು ಸರಿಯಾಗಿಯೇ ಕೆಲಸ ಮಾಡುತ್ತದೆ. ಸೇವೆಯನ್ನಷ್ಟೇ ಅಳೆಯುವುದಾದರೆ ನನ್ನ ದೂರು ಏನೂ ಇಲ್ಲ.

ಇನ್ನು ದೂರ. ಹೊರವರ್ತುಲ ರಸ್ತೆಯಲ್ಲಿ ಹೋದರೆ ಮನೆಯಿಂದ ಶಾಲೆಗೆ ಸುಮಾರು ಎಂಟು ಕಿಲೋಮೀಟರ್. ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷ ಸಾಕು. ಪ್ರವೇಶದ ಸಮಯದಲ್ಲಿ ಪೋಷಕರು ಮನಸ್ಸಿನಲ್ಲಿ ಹಾಕಿಕೊಳ್ಳುವ ಲೆಕ್ಕ ಇದೇ. ಆದರೆ ಬಸ್ಸು ನೇರ ದಾರಿಯಲ್ಲಿ ಹೋಗುವುದಿಲ್ಲ, ಮಕ್ಕಳಿರುವ ದಾರಿಯಲ್ಲಿ ಹೋಗುತ್ತದೆ. ನಾಗರಭಾವಿ ಈ ಮಾರ್ಗದ ಕೊನೆಯ ತುದಿಯಾದ್ದರಿಂದ ನಮ್ಮ ಮಕ್ಕಳು ಎಲ್ಲರಿಗಿಂತ ಮೊದಲು ಹತ್ತಿ ಎಲ್ಲರಿಗಿಂತ ಕೊನೆಗೆ ಇಳಿಯುವವರು. ಬಸ್ಸು ಚಂದ್ರಾ ಲೇಔಟ್ ಮತ್ತು ಅತ್ತಿಗುಪ್ಪೆಯ ಒಳರಸ್ತೆಗಳನ್ನು ಸುತ್ತಿಕೊಂಡು, ಮೈಸೂರು ರಸ್ತೆ ಅಡ್ಡ ಬರುವ ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ನಿಂತು ನಿಂತು ದಾಟಬೇಕು. ಬೆಳಿಗ್ಗೆ 7.10ಕ್ಕೆ ಹತ್ತಿದ ಮಗು ಶಾಲೆ ತಲುಪುವುದು 8.05ಕ್ಕೆ, ಮಧ್ಯಾಹ್ನ 3.30ಕ್ಕೆ ಹೊರಟ ಬಸ್ಸು ನಮ್ಮ ಬೀದಿಯ ತಿರುವಿಗೆ ಬರುವಾಗ 4.45. ಹೀಗೆ ದಿನಕ್ಕೆ ಎರಡು ಗಂಟೆ ಹತ್ತು ನಿಮಿಷ ಬಸ್ಸಿನಲ್ಲೇ ಕಳೆಯುತ್ತದೆ.

ಇದು ವರ್ಷಕ್ಕೆ ಎಷ್ಟಾಗುತ್ತದೆ ಎಂಬುದನ್ನು ಶಿಕ್ಷಣ ಹಕ್ಕು ಕಾಯ್ದೆಯ ಅಂಕಿಗಳೊಂದಿಗೆ ಹೋಲಿಸಿ ನೋಡಬೇಕು. 2009ರ ಆ ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳು ಮತ್ತು 800 ಬೋಧನಾ ಗಂಟೆಗಳಿರಬೇಕು. 200 ದಿನಗಳ ಲೆಕ್ಕದಲ್ಲಿ ನಮ್ಮ ಬಸ್ಸಿನ ಪ್ರಯಾಣ ಸುಮಾರು 433 ಗಂಟೆಯಾಗುತ್ತದೆ, ಎಂದರೆ ಒಂದು ಮಗುವಿಗೆ ವರ್ಷದಲ್ಲಿ ಇಷ್ಟಾದರೂ ಪಾಠ ಸಿಗಲೇಬೇಕೆಂದು ಕಾಯ್ದೆ ಹೇಳುವ ಸಮಯದ ಅರ್ಧಕ್ಕಿಂತ ಹೆಚ್ಚನ್ನು ಆರು ವರ್ಷದ ಮಗು ಬಸ್ಸಿನ ಸೀಟಿನಲ್ಲಿ ಕುಳಿತು ಕಳೆಯುತ್ತದೆ. ಶಾಲೆಯ ಪ್ರಯೋಗಾಲಯ, ಈಜುಕೊಳ, ಸ್ಮಾರ್ಟ್ ಕ್ಲಾಸುಗಳನ್ನು ತೂಗುವ ಪೋಷಕರು ಈ ಗಂಟೆಗಳನ್ನು ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕುವುದೇ ಇಲ್ಲ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ.

ನಿದ್ರೆಯಿಂದಲೇ ಇದರ ಪರಿಣಾಮ ಶುರುವಾಗುತ್ತದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ರೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ಶಿಫಾರಸು ಮಾಡಿದೆ. 7.10ರ ಬಸ್ಸಿಗೆ ಮಗು ಆರು ಗಂಟೆಗೆ ಏಳಬೇಕು. ಹತ್ತು ಗಂಟೆಯ ನಿದ್ರೆ ಸಿಗಬೇಕಾದರೆ ರಾತ್ರಿ ಎಂಟಕ್ಕೆ ಮಲಗಿರಬೇಕು. ತಂದೆತಾಯಿ ಇಬ್ಬರೂ ಕೆಲಸ ಮುಗಿಸಿ ಮನೆ ಸೇರುವುದೇ ಏಳೂವರೆ, ಎಂಟಕ್ಕಾಗಿರುವ ಈ ಊರಿನಲ್ಲಿ ಅದು ಎಷ್ಟು ಮನೆಗಳಲ್ಲಿ ಸಾಧ್ಯ? ಸಂಚಾರ ದಟ್ಟಣೆ ತಗ್ಗಿಸಲು ಬೆಂಗಳೂರಿನ ಶಾಲೆಗಳನ್ನು ಇನ್ನೂ ಬೇಗ ಆರಂಭಿಸಬೇಕೆಂಬ ಚರ್ಚೆ 2023ರಲ್ಲಿ ನಡೆದಾಗ ನನಗೆ ಮೊದಲು ನೆನಪಾದದ್ದು ಬಸ್ ಮಾರ್ಗಗಳ ಕೊನೆಯ ತುದಿಯಲ್ಲಿ ಹತ್ತುವ ಇಂಥ ಮಕ್ಕಳು.

ಸಣ್ಣ ಮಕ್ಕಳು ಬಾಯಿಬಿಟ್ಟು ಹೇಳದ ಇನ್ನೊಂದು ಕಷ್ಟವಿದೆ. ಒಂದನೇ ತರಗತಿಯಲ್ಲಿದ್ದಾಗ ಮಗಳ ನೀರಿನ ಬಾಟಲಿ ಎಷ್ಟೋ ದಿನ ತುಂಬಿದಂತೆಯೇ ಮನೆಗೆ ಬರುತ್ತಿತ್ತು. ಬಸ್ಸಿನಲ್ಲಿ ಮೂತ್ರಕ್ಕೆ ಅವಸರವಾದರೆ ಏನು ಮಾಡುವುದೆಂಬ ಹೆದರಿಕೆಯಿಂದ ಅವಳು ಊಟದ ನಂತರ ನೀರನ್ನೇ ಕುಡಿಯುತ್ತಿರಲಿಲ್ಲ ಎಂಬುದು ಮೆಲ್ಲಗೆ ಕೇಳಿದಾಗ ತಿಳಿಯಿತು. ಆಯಾ ಎಷ್ಟೇ ಒಳ್ಳೆಯವರಾದರೂ ವಾಹನಗಳ ನಡುವೆ ಸಿಕ್ಕಿಕೊಂಡ ಬಸ್ಸಿನಲ್ಲಿ ಅವರು ಏನು ಮಾಡಿಯಾರು? ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಧ್ಯಾಹ್ನದ ಗುಡುಗು ಮಳೆ ಬಂದು ರಸ್ತೆಯಲ್ಲಿ ನೀರು ನಿಂತ ದಿನ ಈ ಕಷ್ಟ ಇಮ್ಮಡಿಯಾಗುತ್ತದೆ. ಮಗುವಿಗೆ ಜ್ವರವೆಂದು ಶಾಲೆಯಿಂದ ಫೋನ್ ಬಂದರೆ ಎಷ್ಟು ಹೊತ್ತಿನಲ್ಲಿ ಅಲ್ಲಿಗೆ ತಲುಪಬಹುದೆಂಬುದೂ ದೂರದ ಲೆಕ್ಕಕ್ಕೇ ಸೇರುತ್ತದೆ. ಮಗಳನ್ನು ಸೇರಿಸುವಾಗ ನನ್ನ ಕಚೇರಿ ಬನಶಂಕರಿಯಲ್ಲಿತ್ತು, ಹತ್ತು ನಿಮಿಷದಲ್ಲಿ ಶಾಲೆಯ ಬಾಗಿಲಲ್ಲಿರುತ್ತಿದ್ದೆ. ಆ ಆಸರೆ ಇದ್ದುದರಿಂದಲೇ ಆ ಶಾಲೆಯನ್ನು ಆರಿಸಿಕೊಂಡದ್ದು. ಈಗ ಕಚೇರಿ ಅಲ್ಲಿಲ್ಲ, ಆದ್ದರಿಂದ ಮಗನ ವಿಷಯದಲ್ಲಿ ಲೆಕ್ಕವೇ ಬೇರೆಯಾಯಿತು.

ಮಗನ ಶಾಲೆ ಮನೆಯಿಂದ ಒಂದು ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿದೆ. ರಾಜ್ಯ ಪಠ್ಯಕ್ರಮದ ಸಾಧಾರಣ ಶಾಲೆ; ಆಟದ ಮೈದಾನ ಚಿಕ್ಕದು, ಗ್ರಂಥಾಲಯವೆಂದರೆ ಎರಡು ಕಪಾಟು, ಇಂಗ್ಲಿಷ್ ಮಾತಿನ ಅಭ್ಯಾಸ ಅಕ್ಕನ ಶಾಲೆಯಷ್ಟು ಚೆನ್ನಾಗಿಲ್ಲ. ಇವು ನಿಜವಾದ ಕೊರತೆಗಳೇ. ಆದರೂ ಅವನು ಏಳು ಗಂಟೆಗೆ ಎದ್ದು, ಬಿಸಿ ತಿಂಡಿ ತಿಂದು, ಅಜ್ಜಿಯ ಕೈ ಹಿಡಿದು ನಡೆದು ಹೋಗುತ್ತಾನೆ. ದಾರಿಯ ಅಂಗಡಿಗಳ ಬೋರ್ಡುಗಳಲ್ಲಿನ ಅಕ್ಷರ ಕೂಡಿಸಿ ಓದುವುದು ಅವನಿಗೆ ಅಭ್ಯಾಸವಾಗಿ, ಒತ್ತಕ್ಷರಗಳನ್ನು ಪುಸ್ತಕಕ್ಕಿಂತ ಮೊದಲು ಬೇಕರಿ, ಮೆಡಿಕಲ್ ಶಾಪುಗಳ ಬೋರ್ಡುಗಳಿಂದಲೇ ಕಲಿತ. ನಾಲ್ಕು ಗಂಟೆಗೆ ಬೀದಿಯಲ್ಲಿ ಆಡುವ ಮಕ್ಕಳು ಅವನ ತರಗತಿಯವರೇ. ಅಕ್ಕನಿಗೆ ಆ ವಯಸ್ಸಿನಲ್ಲಿ ಬೀದಿಯ ಗೆಳತಿಯರು ಇರಲಿಲ್ಲ. ಅವಳ ಗೆಳತಿಯರೆಲ್ಲ ಹೊಸಕೆರೆಹಳ್ಳಿಯಲ್ಲೋ ಗಿರಿನಗರದಲ್ಲೋ ಇದ್ದರು.

ಹತ್ತಿರದ ಶಾಲೆ ಎಂದ ಮಾತ್ರಕ್ಕೆ ಸುರಕ್ಷಿತ ಎಂದು ತಿಳಿಯಬಾರದು. ನಮ್ಮ ದಾರಿಯಲ್ಲಿಯೂ ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರ್ ಇದೆ, ಸ್ಕೂಟರುಗಳು ನಿಂತಿರುತ್ತವೆ, ಸಿಗ್ನಲ್ ಇಲ್ಲದ ಒಂದು ರಸ್ತೆ ದಾಟಬೇಕು. ಶಾಲೆಗೂ ಮನೆಗೂ ನಡುವೆ ಹೊರವರ್ತುಲ ರಸ್ತೆಯಂಥ ರಸ್ತೆ ಬರುವುದಾದರೆ ಅರ್ಧ ಕಿಲೋಮೀಟರನ್ನೂ ನಾನು ಹತ್ತಿರವೆಂದು ಒಪ್ಪುವುದಿಲ್ಲ. ಕರ್ನಾಟಕದ ಶಿಕ್ಷಣ ಹಕ್ಕು ನಿಯಮಗಳು ನೆರೆಹೊರೆಯ ಶಾಲೆಯ ಮಿತಿಯನ್ನು ಒಂದರಿಂದ ಐದನೇ ತರಗತಿಗೆ ಒಂದು ಕಿಲೋಮೀಟರ್, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್ ಎಂದು ವಯಸ್ಸಿಗೆ ತಕ್ಕಂತೆ ಬೇರೆ ಮಾಡಿವೆ. ಸರ್ಕಾರಕ್ಕೆ ಹೊಣೆ ವಿಧಿಸಲು ಮಾಡಿದ ನಿಯಮವಾದರೂ, ಖಾಸಗಿ ಶಾಲೆ ಆರಿಸುವ ಪೋಷಕರಿಗೂ ಇದಕ್ಕಿಂತ ಸೂಕ್ತವಾದ ಅಳತೆಗೋಲು ನನಗೆ ಸಿಕ್ಕಿಲ್ಲ.

ಬಸ್ಸಿನ ಶುಲ್ಕ ನಮಗೆ ಈ ವರ್ಷ 32,000 ರೂಪಾಯಿ. ಕೊಟ್ಟ ಸೇವೆಗೆ ಅದು ಹೆಚ್ಚೇನಲ್ಲ.

ನಾಲ್ಕನೇ ತರಗತಿಗೆ ಬಂದ ಮೇಲೆ ಮಗಳಿಗೆ ಈ ಪ್ರಯಾಣ ಅಷ್ಟು ಭಾರವಾಗಿಲ್ಲ. ಕಥೆಪುಸ್ತಕ ಓದುತ್ತಾಳೆ, ನೀರು ಕುಡಿಯುತ್ತಾಳೆ, ಬೇಕಾದದ್ದನ್ನು ಆಯಾಗೆ ಧೈರ್ಯವಾಗಿ ಹೇಳುತ್ತಾಳೆ. ಆದ್ದರಿಂದ ಇದೇ ಬಸ್ಸಿನ ಸೇವೆಯನ್ನು ನಾಲ್ಕನೇ ತರಗತಿಯಿಂದ ಮೇಲಿನ ಮಕ್ಕಳಿಗೆ ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಒಂದರಿಂದ ಮೂರನೇ ತರಗತಿಯ ಮಕ್ಕಳಲ್ಲಿ ಹೊಸಕೆರೆಹಳ್ಳಿಯಿಂದ ನಾಗರಭಾವಿಯ ಕಡೆಗೆ ಇರುವವರಿಗೆ ಇದು ಬೇಡ. ಶಾಲೆಗೆ ಹತ್ತಿರದ ಕೆಲವು ನಿಲುಗಡೆಗಳಲ್ಲಿ ಹತ್ತುವ ಮಕ್ಕಳ ಪ್ರಯಾಣ ಕಾಲು ಗಂಟೆಯೊಳಗೆ ಮುಗಿಯುವುದರಿಂದ ಅವರಿಗೆ ತೊಂದರೆಯಿಲ್ಲ.

ಶುಲ್ಕ ಕಟ್ಟುವ ಮೊದಲು ಶಾಲೆ ನಡೆಯುತ್ತಿರುವ ದಿನವೊಂದರಲ್ಲಿ, ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೇ ಹೋಗಿ, ನಿಮ್ಮ ಮಾರ್ಗದ ಬಸ್ಸಿನ ಹಿಂದೆ ಮನೆಯವರೆಗೆ ಬನ್ನಿ. ಏಪ್ರಿಲ್, ಮೇ ರಜೆಯಲ್ಲಿ ಹೋಗಿ ನೋಡಿದರೆ ರಸ್ತೆ ಖಾಲಿಯಿದ್ದು ತಪ್ಪು ಲೆಕ್ಕ ಸಿಗುತ್ತದೆ. ಕಚೇರಿಯಲ್ಲಿ ಮೂರು ಸಂಗತಿ ಕೇಳಿ: ನಿಮ್ಮ ಮಗು ಎಷ್ಟನೆಯದಾಗಿ ಹತ್ತುತ್ತದೆ, ಬೆಳಿಗ್ಗೆ ಮೊದಲು ಹತ್ತಿದ ಮಗುವನ್ನು ಮಧ್ಯಾಹ್ನ ಮೊದಲು ಇಳಿಸುವಂತೆ ಮಾರ್ಗ ಬದಲಿಸುತ್ತಾರೆಯೇ, ಬಸ್ಸು ಕೆಟ್ಟು ನಿಂತರೆ ಮಕ್ಕಳನ್ನು ಯಾವ ವಾಹನದಲ್ಲಿ ಯಾರ ಜೊತೆ ಕಳಿಸುತ್ತಾರೆ. ಎರಡನೆಯ ಪ್ರಶ್ನೆಯನ್ನು ನಮ್ಮ ಮಾರ್ಗದ ಪೋಷಕರೆಲ್ಲ ಸೇರಿ ಈ ವರ್ಷ ಲಿಖಿತವಾಗಿ ಶಾಲೆಯ ಮುಂದಿಟ್ಟಿದ್ದೇವೆ. ಜೂನ್‌ನಿಂದ ಪರಿಶೀಲಿಸುವುದಾಗಿ ಸಾರಿಗೆ ವಿಭಾಗದವರು ಉತ್ತರಿಸಿದ್ದಾರೆ.