ಹಳೆಯ 64 ಬಿಟ್ ಡಬ್ಬಿಯಲ್ಲಿ ಡೆಬಿಯನ್: ಕೆಲವು ಮಳೆಗಾಲ ಕಳೆದ ಮೇಲೆ

ಮನೆಯಲ್ಲೇ ಒಂದು ಸರ್ವರ್ ಇಡಬೇಕು ಅನ್ನುವ ತೋಟದವರು, ಹೋಂಸ್ಟೇಯವರು ನನ್ನ ಹತ್ತಿರ ಮೊದಲು ಕೇಳುವುದು ಎಷ್ಟು ಕೋರ್, ಎಷ್ಟು ಜಿಬಿ ಅಂತ. ನಮ್ಮ ದೊಡ್ಡಪ್ಪ ಅದನ್ನೆಲ್ಲ ಕೇಳಲಿಲ್ಲ. ನಾನು ತಂದ ಕಂಪ್ಯೂಟರ್ ಡಬ್ಬಿಯನ್ನು ಒಮ್ಮೆ ನೋಡಿ, "ಇದು ಎಷ್ಟು ವರ್ಷ ಬರ್ತದೆ ಮಗಾ?" ಅಂದರು. ಮೂರು ಬಗೆಯ ಪ್ರೊಸೆಸರ್ ಮೇಲೆ ಡೆಬಿಯನ್ ಎಂಬ ಒಂದೇ ಆಪರೇಟಿಂಗ್ ಸಿಸ್ಟಮ್ (ಉಚಿತ ಲಿನಕ್ಸ್‌ನ ಒಂದು ಬಗೆ) ನಡೆಸಿ ನೋಡಿದ ಮೇಲೆ, ಸರ್ವರ್ ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಅದೊಂದೇ ಅನ್ನಿಸಿದೆ.

ನಮ್ಮದು ಕೊಡಗಿನ ಸೋಮವಾರಪೇಟೆಯಿಂದ ಮೇಲೆ, ಶಾಂತಳ್ಳಿ ಕಡೆ, ಚಿಕ್ಕ ಅರೇಬಿಕ ಕಾಫಿ ತೋಟ. ಸರ್ವರ್ ಮಾಡುವ ಕೆಲಸವೂ ಚಿಕ್ಕದು. ಆಳುಗಳ ಹಾಜರಿ, ಕುಯ್ಲಿನ ಕಾಲದ ತೂಕದ ಪಟ್ಟಿ, ಗೊಬ್ಬರ ಔಷಧಿ ಲೆಕ್ಕ, ಎರಡು ಕೋಣೆಯ ಹೋಂಸ್ಟೇ ಬುಕಿಂಗ್. ಎಲ್ಲ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ. ನೆಟ್ ಇಲ್ಲದಿದ್ದರೂ ನಡೆಯಬೇಕು, ಏಕೆಂದರೆ ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟು ಮೊದಲು ಹೋಗುತ್ತದೆ, ಟವರಿನ ಬ್ಯಾಟರಿ ಮುಗಿದಾಗ ನೆಟ್ಟೂ ಹೋಗುತ್ತದೆ.

ಮೊದಲು ಇದ್ದದ್ದು 2008ರ ಕಾಲದ ಒಂದು ನೆಟ್‌ಬುಕ್. ಆಟಂ ಎನ್270 ಪ್ರೊಸೆಸರ್, 32 ಬಿಟ್ ಮಾತ್ರ, ಅಂದರೆ ಒಮ್ಮೆಗೆ ಚಿಕ್ಕ ಅಂಕಿಯನ್ನಷ್ಟೇ ಹಿಡಿಯುವ ಹಳೆಯ ಬಗೆ. ಈಗಿನ ಪಿಸಿಗಳು 64 ಬಿಟ್. ಅದರ ಮೇಲೆ ಡೆಬಿಯನ್‌ನ ಐ386, ಅಂದರೆ 32 ಬಿಟ್ ಪಿಸಿಗಳ ಆವೃತ್ತಿ. ನಿಧಾನ ಹೌದು, ಆದರೆ ಹಾಜರಿ ಬರೆಯಲು ವೇಗ ಯಾರಿಗೆ ಬೇಕು? ಅದಕ್ಕೆ ತನ್ನದೇ ಬ್ಯಾಟರಿ ಇತ್ತು, ಫ್ಯಾನ್ ಸದ್ದು ಹೆಚ್ಚು ಇರಲಿಲ್ಲ, ಕರೆಂಟು ಕುಡಿಯುವುದೂ ಕಡಿಮೆ. ವರ್ಷಗಟ್ಟಲೆ ಒಂದು ದೂರಿಲ್ಲದೆ ದುಡಿಯಿತು. ಕೆಟ್ಟುಹೋಯಿತು ಅಂತ ನಾನು ಅದನ್ನು ಬಿಟ್ಟದ್ದಲ್ಲ.

2018ರ ಜನವರಿಯಲ್ಲಿ ಕಳ್ಳ ಪ್ರೋಗ್ರಾಂಗೆ ಗುಟ್ಟಿನ ಮಾಹಿತಿ ಸಿಗುವಂಥ ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷ ಬಯಲಾಯಿತಲ್ಲ, ಆಗ ಯೋಚನೆ ಶುರುವಾಯಿತು. 64 ಬಿಟ್ ಲಿನಕ್ಸ್‌ಗೆ ರಕ್ಷಣೆ ಅದೇ ತಿಂಗಳ 4.15 ಕರ್ನಲ್‌ನಲ್ಲಿ (ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳು) ಬಂತು. 32 ಬಿಟ್‌ಗೆ ಅದೇ ರಕ್ಷಣೆ ಬಂದದ್ದು ಅಕ್ಟೋಬರ್‌ನಲ್ಲಿ ಹೊರಬಂದ 4.19ರಲ್ಲಿ. ನನ್ನ ಆಟಂಗೆ ಆ ದೋಷ ತಾಗುತ್ತಲೇ ಇರಲಿಲ್ಲ, ಅದು ಆದೇಶಗಳನ್ನು ಬಂದ ಸಾಲಿನಲ್ಲೇ ನಡೆಸುವ ಹಳೆಯ ಬಗೆಯ ಚಿಪ್. ಆದರೂ ಬೆಂಕಿ ಬಿದ್ದಾಗ ಯಾವ ಮನೆಗೆ ಮೊದಲು ಓಡುತ್ತಾರೆ, ಯಾವ ಮನೆಗೆ ಆಮೇಲೆ ಅನ್ನುವುದು ಆ ವರ್ಷ ಕಾಣಿಸಿತು. 2019ರಲ್ಲಿ ಲಿನಕ್ಸ್‌ನ ಬೇರೆ ಬಗೆಗಳಾದ ಉಬುಂಟು 19.10, ಫೆಡೋರಾ 31 ಎರಡೂ 32 ಬಿಟ್ ಯಂತ್ರಗಳನ್ನು ಕೈಬಿಟ್ಟವು. ಡೆಬಿಯನ್ ಇನ್ನೂ ಆರು ವರ್ಷ ಕೈ ಹಿಡಿದಿತ್ತು. ಕೊನೆಗೆ 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ರಲ್ಲಿ ಐ386ಗೆ ಇನ್‌ಸ್ಟಾಲರೂ ಇಲ್ಲ, ಕರ್ನಲೂ ಇಲ್ಲ. ಹಳೆಯ 32 ಬಿಟ್ ಪ್ರೋಗ್ರಾಂಗಳನ್ನು 64 ಬಿಟ್ ಯಂತ್ರದಲ್ಲಿ ಓಡಿಸುವುದಕ್ಕಷ್ಟೇ ಅದನ್ನು ಉಳಿಸಿದ್ದಾರೆ.

ಗಡಿಯಾರದ ವಿಷಯವೂ ಉಂಟು. 32 ಬಿಟ್‌ನಲ್ಲಿ ಎಣಿಸುವ ಸಮಯ 2038ರ ಜನವರಿ 19ರಂದು ತುಂಬಿಹೋಗುತ್ತದೆ. ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ, ಹೆಚ್ಚು ಕಡಿಮೆ ಹಾಜರಿ ಮುಗಿಯುವ ಹೊತ್ತು. ಡೆಬಿಯನ್ 13ರಲ್ಲಿ ಉಳಿದ 32 ಬಿಟ್ ಆರ್ಕಿಟೆಕ್ಚರ್‌ಗಳಿಗೆ, ಅಂದರೆ ಪ್ರೊಸೆಸರ್ ಬಗೆಗಳಿಗೆ, 64 ಬಿಟ್ ಸಮಯ ಕೊಟ್ಟು ಸರಿಪಡಿಸಿದರು. ಐ386 ಅನ್ನು ಮಾತ್ರ ಹಾಗೇ ಬಿಟ್ಟರು, ಹಳೆಯ ಪ್ರೋಗ್ರಾಂಗಳು ಮುರಿಯಬಾರದು ಅಂತ. ಕಾರಣ ಸರಿಯಾಗಿಯೇ ಇದೆ. ಆದರೆ ಸರ್ವರ್ ಇಡುವವನಿಗೆ ಇದು ಪಂಚಾಯಿತಿ ಕೈಬಿಟ್ಟ ಹಳೆಯ ತೋಟದ ದಾರಿಯ ಹಾಗೆ. ಬೇಸಿಗೆಯಲ್ಲಿ ಜೀಪು ಸಲೀಸಾಗಿ ಹೋಗುತ್ತದೆ. ಮಳೆಗೆ ಮೋರಿ ಕುಸಿದ ದಿನ ಕಟ್ಟಿಕೊಡಲು ಯಾರೂ ಬರುವುದಿಲ್ಲ.

ಇದು ಬರುವುದು ಮೊದಲೇ ಕಾಣುತ್ತಿತ್ತು, ಹಾಗಾಗಿ ಡೆಬಿಯನ್ 12 ಬಂದ ವರ್ಷವೇ, ಅಂದರೆ 2023ರಲ್ಲೇ, 64 ಬಿಟ್‌ಗೆ ಬಂದೆ. ಮೈಸೂರಿನಲ್ಲಿ ಯಾವುದೋ ಆಫೀಸಿನಿಂದ ಹೊರಬಿದ್ದ ಡೆಸ್ಕ್‌ಟಾಪ್, ಐ5-3470 ಪ್ರೊಸೆಸರ್, 2012ರ ಮಾದರಿ. ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಸೇರಿ ಸುಮಾರು ಎಂಟು ಸಾವಿರ. ಗೊಬ್ಬರದ ಬಿಲ್ಲು ಕಟ್ಟುವ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಕೊಡುವ ಶಕ್ತಿ ನನಗಿರಲಿಲ್ಲ. ಡೆಬಿಯನ್ ಪುಟದಲ್ಲಿ ಎಎಮ್‌ಡಿ64 ಅಂತ ಇರುವ 64 ಬಿಟ್ ಪಿಸಿ ಆವೃತ್ತಿಯನ್ನೇ ಇಂಟೆಲ್ ಚಿಪ್‌ಗೂ ಹಾಕಬೇಕು, ಇದರಲ್ಲಿ ಗೊಂದಲ ಬೇಡ.

ಬದಲಾಯಿಸುವವರಿಗೆ ಒಂದು ಮಾತು. ಪೋಸ್ಟ್‌ಗ್ರೆಸ್‌ನ ಡೇಟಾ ಫೋಲ್ಡರನ್ನು 32 ಬಿಟ್ ಯಂತ್ರದಿಂದ 64 ಬಿಟ್ ಯಂತ್ರಕ್ಕೆ ಹಾಗೆಯೇ ನಕಲು ಮಾಡಿದರೆ ನಡೆಯುವುದಿಲ್ಲ. ಒಳಗೆ ಡೇಟಾ ಜೋಡಿಸುವ ಅಳತೆಯೇ ಬೇರೆ. ಹಳೆಯ ಯಂತ್ರ ಬದುಕಿರುವಾಗಲೇ ಪಿಜಿ ಡಂಪ್ (ಎಲ್ಲ ಡೇಟಾವನ್ನು ಒಂದು ಫೈಲಿಗೆ ಇಳಿಸಿದ ನಕಲು) ತೆಗೆದು, ಹೊಸದರಲ್ಲಿ ತುಂಬಬೇಕು. ಹಳೆಯದು ಸತ್ತ ಮೇಲೆ ಡಿಸ್ಕ್ ಕಿತ್ತು ತಂದರೆ ಕಷ್ಟ.

ಈ ಡೆಸ್ಕ್‌ಟಾಪ್ ಕೊಟ್ಟ ಸುಖ ನಾನು ನಿರೀಕ್ಷಿಸಿದ್ದಲ್ಲ. ಅದರ ಬಿಸಿ! ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ಆಗಸ್ಟಿನ ಜೋರು ಮಳೆಯಲ್ಲಿ, ನಮ್ಮ ಮನೆಯಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕದ ಬೆನ್ನಿಗೆಲ್ಲ ಬೂಷ್ಟು ಹಿಡಿಯುತ್ತದೆ. ಡಬ್ಬಿಯನ್ನು ಮರದ ಕಪಾಟಿನ ಕೆಳಗಿನ ಅರೆಯಲ್ಲಿ, ಹಿಂದೆ ಮುಂದೆ ಗಾಳಿಗೆ ಜಾಗ ಬಿಟ್ಟು ಇಟ್ಟಿದ್ದೇನೆ. ಮೇಲಿನ ಅರೆಯಲ್ಲಿ ತೋಟದ ಪತ್ರಗಳು, ದೊಡ್ಡಪ್ಪನ ಕೈಬರಹದ ಹಳೆಯ ಲೆಕ್ಕದ ಪುಸ್ತಕಗಳು. ಹಗಲು ರಾತ್ರಿ ಹದವಾದ ಬಿಸಿಗಾಳಿ ಮೇಲೇರಿ ಆ ಕಾಗದಗಳು ಗರಿಗರಿಯಾಗಿವೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಪಾಟಿನ ಬಾಗಿಲು ತೆಗೆದರೆ ಒಣಗಿದ ಕಾಗದದ ವಾಸನೆ ಬರುತ್ತದೆ. ಹೊರಗೆ ಮೂರು ದಿನದಿಂದ ಒಣಗದ ಬಟ್ಟೆ ನೇತಾಡುತ್ತಿರುತ್ತದೆ. ದೊಡ್ಡಮ್ಮ ಈಗ ಕಾಳುಮೆಣಸಿನ ಚೀಟಿ, ರೇಷನ್ ಕಾರ್ಡು ಎಲ್ಲ ಅಲ್ಲೇ ತಂದಿಡುತ್ತಾರೆ.

ಕುಯ್ಲಿನ ಸಂಜೆಯೂ ಹಾಗೇ. ಕಣದ ಪಕ್ಕ ತಕ್ಕಡಿ, ಚೀಲ ಹೊತ್ತು ಸಾಲಾಗಿ ಬರುವವರು, ರೈಟರ್ (ತೋಟದ ಲೆಕ್ಕ ಬರೆಯುವವರು) ತೂಕ ಕೂಗುತ್ತಾರೆ, ನಾನು ಮೊಬೈಲಿನಲ್ಲಿ ಒತ್ತುತ್ತೇನೆ, ಒಳಗಿನ ಸರ್ವರ್‌ಗೆ ಹೋಗುತ್ತದೆ. ಕೊನೆಯ ಚೀಲ ಇಳಿಯುವ ಹೊತ್ತಿಗೆ ಯಾರು ಎಷ್ಟು ಕೆಜಿ ಕುಯ್ದರು ಅನ್ನುವ ಪಟ್ಟಿ ಪ್ರಿಂಟಾಗಿರುತ್ತದೆ. ಆ ಹೊತ್ತಲ್ಲಿ ಇದು ಒಮ್ಮೆಯೂ ನನ್ನನ್ನು ಕಾಯಿಸಿಲ್ಲ. 12ರಿಂದ 13ಕ್ಕೆ ಏರಿಸಿದ ಅಪ್‌ಗ್ರೇಡ್ ಕೂಡ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಮುಗಿದಿತ್ತು.

ಇಷ್ಟಾದರೂ ಮಳೆಗಾಲದಲ್ಲಿ ಇದರ ಮೇಲೆ ಸಿಟ್ಟು ಬರುತ್ತದೆ. ಸುಮ್ಮನೆ ಕೂತಾಗಲೂ ಸುಮಾರು 35 ವ್ಯಾಟ್ ಕುಡಿಯುತ್ತದೆ. ನಮ್ಮ ಇನ್ವರ್ಟರ್ ಬ್ಯಾಟರಿ 12 ವೋಲ್ಟ್, 150 ಆಂಪಿಯರ್ ಅವರ್. ಕಾಗದದ ಮೇಲೆ 1800 ವ್ಯಾಟ್ ಅವರ್, ಹಳೆಯ ಬ್ಯಾಟರಿ, ಇನ್ವರ್ಟರಿನ ಸ್ವಂತ ಖರ್ಚು ಕಳೆದರೆ ಕೈಗೆ ಸಿಗುವುದು ಅರ್ಧ. ಅದರಲ್ಲೇ ಲೈಟು, ರೂಟರ್, ಅತಿಥಿಗಳ ಮೊಬೈಲ್ ಚಾರ್ಜು. ಒಂದು ರಾತ್ರಿ ತಳ್ಳಬಹುದು, ಎರಡನೆಯ ಸಂಜೆಗೆ ಸರ್ವರ್ ಆರಿಸಲೇಬೇಕು.

ಆಗ ತಂದದ್ದು ಅಂಗೈ ಅಗಲದ ಒಂದು ಎಆರ್‌ಎಮ್ ಬೋರ್ಡ್, ಅಂದರೆ ಮೊಬೈಲಿನ ಬಗೆಯ ಪ್ರೊಸೆಸರ್ ಇರುವ ಚಿಕ್ಕ ಕಂಪ್ಯೂಟರ್, ಕಾರ್ಟೆಕ್ಸ್ ಎ72 ಕೋರ್‌ಗಳದ್ದು. ಎಸ್‌ಎಸ್‌ಡಿ ಸೇರಿ ಐದಾರು ವ್ಯಾಟ್. ಇನ್ವರ್ಟರನ್ನೇ ಬಿಟ್ಟು, 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಚಿಕ್ಕ ಕನ್ವರ್ಟರ್ ಹಾಕಿ ನೇರ ಬ್ಯಾಟರಿಯಿಂದ ಕೊಟ್ಟರೆ ದಿನಗಟ್ಟಲೆ ಓಡುತ್ತದೆ. ಡೆಬಿಯನ್‌ನ ಎಆರ್‌ಎಮ್64 ಆವೃತ್ತಿಯಲ್ಲಿ ನನಗೆ ಬೇಕಾದ ಪ್ಯಾಕೇಜು ಒಂದೂ ಕಡಿಮೆ ಇರಲಿಲ್ಲ. ಹೊಸ ಆರ್ಕಿಟೆಕ್ಚರ್ ಗೆದ್ದಿತು ಅಂದುಕೊಂಡು ಎಲ್ಲ ಅದಕ್ಕೇ ಸಾಗಿಸಿದೆ.

ಮುಂದಿನ ಜುಲೈನಲ್ಲಿ ಬ್ಯಾಟರಿ ಪೂರ್ತಿ ಬರಿದಾಗಿ ಬೋರ್ಡ್ ಆರಿಹೋಯಿತು. ಕರೆಂಟು ಬಂತು, ಬೋರ್ಡ್ ತಾನೇ ಎದ್ದಿತು, ನೆಟ್ ಮಾತ್ರ ಇರಲಿಲ್ಲ. ರೈಟರ್ ಎಂದಿನಂತೆ ಹಾಜರಿ ಒತ್ತಿದರು. ಶನಿವಾರ ಬಟವಾಡೆಯ ಹೊತ್ತಿಗೆ ಒಬ್ಬಾಕೆ ಎದುರು ನಿಂತು, "ಅಣ್ಣಾ, ಬುಧವಾರ ನಾನು ಬಂದಿದ್ದೆನಲ್ಲ, ಚಿಗುರು ತೆಗೆಯಲು?" ಅಂದರು. ಬಂದದ್ದು ನಿಜ. ರೈಟರ್ ಜೇಬಿನ ಪುಸ್ತಕದಲ್ಲೂ ಇತ್ತು. ಸರ್ವರ್‌ನಲ್ಲಿ ಮಾತ್ರ ಬುಧವಾರವೇ ಇರಲಿಲ್ಲ, ಆ ದಿನದ್ದೆಲ್ಲ ಹಿಂದಿನ ತಾರೀಕಿಗೆ ಹೋಗಿ ಕೂತಿತ್ತು.

ಆ ಬೋರ್ಡಿನಲ್ಲಿ ಬ್ಯಾಟರಿ ಇಟ್ಟ ಗಡಿಯಾರವೇ ಇಲ್ಲ. ಓಡುವಾಗ ಆಗಾಗ ಸಮಯ ಬರೆದಿಟ್ಟುಕೊಂಡು, ಎದ್ದಾಗ ಕೊನೆಗೆ ಬರೆದಲ್ಲಿಂದಲೇ ಎಣಿಸುತ್ತದೆ. ನೆಟ್ ಸಿಕ್ಕಾಗ ಸರಿ ಮಾಡಿಕೊಳ್ಳುತ್ತದೆ. ಪೇಟೆಯಲ್ಲಿ ಇದು ಯಾರ ಗಮನಕ್ಕೂ ಬಾರದು. ಕರೆಂಟು, ನೆಟ್ ಒಟ್ಟಿಗೇ ಹೋಗುವ ನಮ್ಮಲ್ಲಿ ಇದು ಒಬ್ಬರ ದಿನಗೂಲಿ. ಎಂಟು ಸಾವಿರದ ಹಳೆಯ ಡೆಸ್ಕ್‌ಟಾಪ್‌ನಲ್ಲಿ ಬಟನ್ ಸೆಲ್ ಹಾಕಿದ ಗಡಿಯಾರ ಮೊದಲಿನಿಂದಲೂ ಇದೆ, ಪಿಸಿ ಅಂದರೆ ಅದು ಇರಲೇಬೇಕು ಅನ್ನುವ ರೂಢಿ. ಕೆಲವು ನೂರು ರೂಪಾಯಿಯ ಡಿಎಸ್3231 ಎಂಬ ಬ್ಯಾಟರಿ ಗಡಿಯಾರದ ಮಾಡ್ಯೂಲ್ ತಂದು ಬೋರ್ಡಿಗೆ ಜೋಡಿಸಿದೆ. ಗಡಿಯಾರ ಓದಿ ಮುಗಿಯುವ ತನಕ ಪೋಸ್ಟ್‌ಗ್ರೆಸ್ ಏಳದಂತೆಯೂ ಮಾಡಿದೆ. ಆಮೇಲೆ ತಾರೀಕು ತಪ್ಪಿಲ್ಲ.

ಬೂಟ್ ಆಗುವ ರೀತಿಯಲ್ಲೂ ಇದೇ ರೂಢಿಯ ವ್ಯತ್ಯಾಸ. ಡೆಸ್ಕ್‌ಟಾಪಿನ ಪವರ್ ಸಪ್ಲೈ ಸುಟ್ಟಾಗ ಎಸ್‌ಎಸ್‌ಡಿ ಕಿತ್ತು ಭಾವನ ಮನೆಯ ಬೇರೆ ಕಂಪನಿಯ ಪಿಸಿಗೆ ಹಾಕಿದೆ, ಅದೇ ಸಂಜೆ ಪಟ್ಟಿ ಸಿಕ್ಕಿತು. ಚಿಕ್ಕ ಎಆರ್‌ಎಮ್ ಬೋರ್ಡುಗಳಲ್ಲಿ ಹಾಗಾಗುವುದಿಲ್ಲ. ಯಂತ್ರದಲ್ಲಿ ಏನೇನು ಎಲ್ಲೆಲ್ಲಿದೆ ಅಂತ ಹೇಳುವ ಡಿವೈಸ್ ಟ್ರೀ ಬೋರ್ಡಿಗೊಂದು, ಹೆಚ್ಚಿನವಕ್ಕೆ ಡಿಸ್ಕಿಗೆ ಬರೆಯುವ ಸಿಸ್ಟಮ್ ಇಮೇಜೂ ಬೋರ್ಡಿಗೊಂದು. ಪಿಸಿಗಳಂತೆಯೇ ಯುಇಎಫ್‌ಐ ಎಂಬ ಬೂಟ್ ವ್ಯವಸ್ಥೆ ಇರುವ ದೊಡ್ಡ ಎಆರ್‌ಎಮ್ ಸರ್ವರ್‌ಗಳಲ್ಲಿ ಈ ತೊಂದರೆ ಇಲ್ಲ, ಆದರೆ ಅವು ನನ್ನ ಬೆಲೆಗೆ ಸಿಗುವಂಥವಲ್ಲ.

ಬೋರ್ಡಿನ ಮೇಲಿನ ಸಿಟ್ಟು ಈಗ ಇಳಿದಿದೆ. ಡೆಸ್ಕ್‌ಟಾಪನ್ನೇ ಮತ್ತೆ ಮುಖ್ಯ ಸರ್ವರ್ ಮಾಡಿದ್ದೇನೆ. ರಾತ್ರಿ ಹತ್ತಕ್ಕೆ ಅದರ ಡಂಪ್ ಬೋರ್ಡಿಗೆ ಹೋಗಿ ಅಲ್ಲಿ ತುಂಬಿಕೊಳ್ಳುತ್ತದೆ. ಮಳೆ ಜೋರಾಗಿ ಎರಡನೆಯ ದಿನವೂ ಕರೆಂಟು ಬರಲಿಲ್ಲ ಅಂದರೆ ಡೆಸ್ಕ್‌ಟಾಪ್ ಆರಿಸಿ ಬೋರ್ಡಿನ ಮೇಲೆ ಹಾಜರಿ ನಡೆಯುತ್ತದೆ. ನೆಟ್‌ಬುಕ್ ಈಗ ನೆಟ್ಟಿಗೆ ಸೇರದೆ, ಹಳೆಯ ಪ್ರಿಂಟರಿನ ಜೊತೆಗಿದೆ.

ಹೊಸದಾಗಿ ಕೊಳ್ಳುವವರಿಗೆ ನನ್ನ ಆಯ್ಕೆ ಹೇಳುವುದಾದರೆ, ನಾಲ್ಕನೆಯ ತಲೆಮಾರಿನ ಅಥವಾ ಅದಕ್ಕಿಂತ ಈಚಿನ ಐ3, ಐ5 ಇರುವ ಹಳೆಯ ಆಫೀಸ್ ಪಿಸಿ. 64 ಬಿಟ್‌ನಲ್ಲೂ, ಪ್ರೊಸೆಸರ್‌ಗೆ ಯಾವ ಯಾವ ಆದೇಶ ಗೊತ್ತು ಅನ್ನುವುದರ ಮೇಲೆ, ಮೆಟ್ಟಿಲುಗಳಿವೆ. ಡೆಬಿಯನ್ ಇನ್ನೂ ಮೊದಲ ಮೆಟ್ಟಿಲಲ್ಲೇ ಎಲ್ಲರನ್ನೂ ಕೂರಿಸಿಕೊಂಡಿದೆ, 2006ರ ಕೋರ್ 2 ಡ್ಯುಯೊ ಕೂಡ ನಡೆಯುತ್ತದೆ. ಕಂಪನಿಗಳು ಬಳಸುವ ಲಿನಕ್ಸ್ ಆದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ 9 ಎರಡನೆಯ ಮೆಟ್ಟಿಲು ಕೇಳುತ್ತದೆ. 2025ರ ಮೇನಲ್ಲಿ ಬಂದ 10 ಮೂರನೆಯದನ್ನು ಕೇಳುತ್ತದೆ, ಅಂದರೆ ಎವಿಎಕ್ಸ್2 ಎಂಬ ಆದೇಶಗಳ ಗುಂಪು ಇರುವ, 2013ರ ಹ್ಯಾಸ್ವೆಲ್‌ನಿಂದ (ಇಂಟೆಲ್‌ನ ನಾಲ್ಕನೆಯ ತಲೆಮಾರು) ಈಚಿನ ಚಿಪ್. ನನ್ನ 3470 ಎರಡನೆಯದರಲ್ಲೇ ನಿಂತಿದೆ. ರೆಡ್ ಹ್ಯಾಟ್‌ಗೆ ಹೊಂದುವ ಉಚಿತ ಆಲ್ಮಾ ಲಿನಕ್ಸ್ 10 ಮಾತ್ರ ಎರಡನೆಯ ಮೆಟ್ಟಿಲಿನವರಿಗೂ ಬೇರೆಯೇ ಒಂದು ಆವೃತ್ತಿ ಕೊಟ್ಟಿದೆ, ಅದಕ್ಕೆ ಅವರಿಗೆ ದೊಡ್ಡ ನಮಸ್ಕಾರ. ಇಂದು ಡೆಬಿಯನ್ ಹಾಕಿದರೂ ನಾಳೆ ಬೇರೆ ಬೇಕಾದೀತು, ಸಾವಿರ ಎರಡು ಸಾವಿರ ಹೆಚ್ಚಾದರೂ ಮೂರನೆಯ ಮೆಟ್ಟಿಲಿನದನ್ನೇ ತನ್ನಿ.

ಅಂಗಡಿಯಲ್ಲಿ "ಫೋರ್ತ್ ಜನರೇಶನ್" ಅಂದ ಮಾತ್ರಕ್ಕೆ ದುಡ್ಡು ಎಣಿಸಬೇಡಿ. ಅದೇ ತಲೆಮಾರಿನ ಪೆಂಟಿಯಂ, ಸೆಲೆರಾನ್ ಚಿಪ್‌ಗಳಲ್ಲಿ ಎವಿಎಕ್ಸ್2 ಇಲ್ಲ. ಪೆನ್‌ಡ್ರೈವ್‌ನಲ್ಲಿ ಡೆಬಿಯನ್ ಲೈವ್ (ಇನ್‌ಸ್ಟಾಲ್ ಮಾಡದೆಯೇ ಓಡುವ ಆವೃತ್ತಿ) ಒಯ್ದು, ಅಲ್ಲೇ ಬೂಟ್ ಮಾಡಿಸಿ, ಎಲ್‌ಎಸ್‌ಸಿಪಿಯು (lscpu) ಅಂತ ಹೊಡೆದು, ಫ್ಲ್ಯಾಗ್‌ಗಳ ಸಾಲಿನಲ್ಲಿ avx2 ಅನ್ನುವ ಹೆಸರು ಕಂಡ ಮೇಲೆ ದುಡ್ಡು ಕೊಡಿ. ತಾರೀಕು ಸರಿ ತೋರಿಸುತ್ತದೆಯೋ ಅದನ್ನೂ ನೋಡಿ, ತೋರಿಸದಿದ್ದರೆ ಒಳಗಿನ ಬಟನ್ ಸೆಲ್ ಅಂಗಡಿಯವರ ಖರ್ಚಿನಲ್ಲೇ ಬದಲಾಯಿಸಿ ಕೊಡಲು ಹೇಳಿ.