ಹಿರಿಯರ ಆರೋಗ್ಯ ವಿಮೆ, ದೀರ್ಘ ಬಳಕೆಯ ನಂತರ: ಆಸ್ಪತ್ರೆ ಬಿಲ್ಲಿಗೆ ಆಗುತ್ತದೆ, ಮನೆಯ ಆರೈಕೆಗೆ ಆಗುವುದಿಲ್ಲ

ತಂದೆತಾಯಿಯ ಹೆಸರಿನಲ್ಲಿ ಪಾಲಿಸಿ ಮಾಡಿಸಿ, ವರ್ಷ ತಪ್ಪದೆ ನವೀಕರಿಸಿ, ಕ್ಲೇಮನ್ನೂ ಪಡೆದು ನೋಡಿದ ಮೇಲಿನ ಅಭಿಪ್ರಾಯ ಇದು. ಪಾಲಿಸಿ ಬೇಕೇ ಬೇಕು. ಆದರೆ ಲಕ್ವ ಹೊಡೆದೋ, ಸೊಂಟ ಮುರಿದೋ, ಮರೆವಿನ ಕಾಯಿಲೆ ಬಂದೋ ಹಿರಿಯರನ್ನು ವರ್ಷಗಟ್ಟಲೆ ಮನೆಯಲ್ಲಿ ನೋಡಿಕೊಳ್ಳಬೇಕಾಗಿ ಬಂದರೆ ಆ ಖರ್ಚಿಗೆ ಇದರಿಂದ ಹಣ ಬರುವುದಿಲ್ಲ. ಕೊಡಗಿನಲ್ಲಿ ಮಕ್ಕಳು ಬೆಂಗಳೂರಲ್ಲಿ, ಅಪ್ಪ ಅಮ್ಮ ತೋಟದಲ್ಲಿ ಇರುವ ಮನೆಗಳೇ ಹೆಚ್ಚು. ಅಂಥವರು ಈ ವ್ಯತ್ಯಾಸವನ್ನು ಪಾಲಿಸಿ ಕೊಳ್ಳುವ ಮೊದಲೇ ತಿಳಿದಿರಬೇಕು.

ಪಾಲಿಸಿ ಪತ್ರದಲ್ಲಿ 'ಕೊಡಲಾಗದ ವೆಚ್ಚಗಳು' ಎಂಬ ಭಾಗ ತೆರೆದು ಕೋಡ್ ಸಂಖ್ಯೆ 05 ಹುಡುಕಿ. ಎಲ್ಲ ಕಂಪನಿಗಳ ಪಾಲಿಸಿಯಲ್ಲೂ ಒಂದೇ ಮಾತು ಇರುತ್ತದೆ, ಏಕೆಂದರೆ ಅದನ್ನು ನಿಗದಿ ಮಾಡಿದ್ದು ವಿಮಾ ನಿಯಂತ್ರಣ ಪ್ರಾಧಿಕಾರ. ಚಿಕಿತ್ಸೆಯಿಲ್ಲದ ಬರೀ ವಿಶ್ರಾಂತಿಗೆ ದಾಖಲಾದರೆ ಹಣವಿಲ್ಲ. ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಎಬ್ಬಿಸಿ ನಡೆಸುವುದು ಇಂಥ ಆರೈಕೆಗೂ ಇಲ್ಲ. ಅದನ್ನು ತರಬೇತಾದ ನರ್ಸೇ ಮಾಡಲಿ, ಮನೆಯಲ್ಲಾಗಲಿ, ಆರೈಕೆ ಕೇಂದ್ರದಲ್ಲಾಗಲಿ, ಉತ್ತರ ಒಂದೇ.

ಹಾಗಾದರೆ ಕೆಲವು ಪಾಲಿಸಿಗಳು ಹೇಳುವ 'ಮನೆಯಲ್ಲೇ ಚಿಕಿತ್ಸೆ' ಏನು? ಅದು ಆಸ್ಪತ್ರೆಯಲ್ಲಿ ಆಗಬೇಕಾದ ಚಿಕಿತ್ಸೆ ಅನಿವಾರ್ಯವಾಗಿ ಮನೆಯಲ್ಲಿ ನಡೆದರೆ ಮಾತ್ರ. ಅದಕ್ಕೆ ಎರಡೇ ಕಾರಣಗಳನ್ನು ಒಪ್ಪುತ್ತಾರೆ: ರೋಗಿಯನ್ನು ಸಾಗಿಸುವ ಸ್ಥಿತಿ ಇಲ್ಲ, ಅಥವಾ ಆಸ್ಪತ್ರೆಯಲ್ಲಿ ಹಾಸಿಗೆ ಸಿಗಲಿಲ್ಲ. ಸಾಮಾನ್ಯವಾಗಿ ಚಿಕಿತ್ಸೆ ಮೂರು ದಿನಕ್ಕಿಂತ ಹೆಚ್ಚು ನಡೆದಿರಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಯಿತು ಎಂಬ ಕಾರಣ ಆ ಪದಗಳಲ್ಲಿ ಇಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಹತ್ತಿರದ ಜೋಡುಪಾಲದ ಕಡೆ ಗುಡ್ಡ ಕುಸಿದು ಮಂಗಳೂರು ರಸ್ತೆ ಏನಾಯಿತೆಂದು ನೋಡಿದವರಿಗೆ ಇದರ ತೂಕ ಗೊತ್ತು. ಆದ್ದರಿಂದ ಅಂಥ ಸಮಯದಲ್ಲಿ ಮನೆಗೆ ಬಂದ ವೈದ್ಯರಿಂದ 'ರೋಗಿಯನ್ನು ಸಾಗಿಸುವ ಸ್ಥಿತಿ ಇಲ್ಲ' ಎಂದು, ಅದು ನಿಜವಿದ್ದರೆ, ದಿನಾಂಕ ಸಮೇತ ಬರೆಸಿಕೊಳ್ಳಿ. ರಸ್ತೆಯ ಫೋಟೊ ಇದ್ದರೂ ಈ ಚೀಟಿಯ ಕೆಲಸ ಮಾಡದು.

ಪಾಲಿಸಿಯ ಅಂಚಿನಲ್ಲಿ ಆರೈಕೆಗೆ ಸಿಗುವ ಸ್ವಲ್ಪ ಹಣವೂ ಉಂಟು, ಹೆಚ್ಚಿನವರು ಅದನ್ನು ಕೇಳುವುದೇ ಇಲ್ಲ. ಡಿಸ್ಚಾರ್ಜ್ ಆದ ಮೇಲಿನ ವೆಚ್ಚಕ್ಕೆ ಒಂದು ಅವಧಿ ಇರುತ್ತದೆ. ಹಲವು ಕಂಪನಿಗಳು ಒಂದೇ ಷರತ್ತಿನಲ್ಲಿ ಮಾರುವ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಅದು 60 ದಿನ. ಈ ಅವಧಿಯ ಔಷಧ, ಪರೀಕ್ಷೆ, ವೈದ್ಯರು ಬರೆದ ಫಿಜಿಯೋಥೆರಪಿ, ಎಲ್ಲದರ ಬಿಲ್ ಹಾಕಬಹುದು. ಆದರೆ ಡಿಸ್ಚಾರ್ಜ್ ಸಮರಿಯಲ್ಲಿ 'ಫಿಜಿಯೋಥೆರಪಿ ಮುಂದುವರಿಸಿ' ಎಂದಷ್ಟೇ ಇದ್ದರೆ ತಕರಾರು ಬರುತ್ತದೆ. ವಾರಕ್ಕೆ ಎಷ್ಟು ಬಾರಿ, ಎಷ್ಟು ವಾರ ಎಂದು ಬರೆಸಿ. ಬಿಲ್ಲಿನ ಮೇಲೆ ಫಿಜಿಯೋಥೆರಪಿಸ್ಟರ ನೋಂದಣಿ ಸಂಖ್ಯೆ ಮತ್ತು ಪ್ರತಿ ದಿನಾಂಕ ಇರಲಿ. ಬಿಡುಗಡೆಯ ಗಡಿಬಿಡಿಯಲ್ಲಿ ಇದನ್ನು ಕೇಳದೆ ಬಂದರೆ ಆಮೇಲೆ ಆ ಸಹಿಗಾಗಿ ಮತ್ತೆ ಮೈಸೂರಿನ ಆಸ್ಪತ್ರೆಗೆ ಹೋಗಬೇಕಾಗುತ್ತದೆ.

ಕೈಯಿಂದ ಹೆಚ್ಚು ಹಣ ಹೋಗುವುದು ರೂಮ್ ಬಾಡಿಗೆಯಲ್ಲಿ. ದಿನಕ್ಕೆ 5,000 ರೂಪಾಯಿ ಮಿತಿಯ ಪಾಲಿಸಿ ಇದ್ದು 8,000 ರೂಪಾಯಿ ರೂಮ್ ತೆಗೆದುಕೊಂಡರೆ ನಷ್ಟ ಆ 3,000 ರೂಪಾಯಿಗೆ ನಿಲ್ಲುವುದಿಲ್ಲ. ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್, ನರ್ಸಿಂಗ್ ಸೇರಿ 1,20,000 ಆಗಿದ್ದರೆ ಅದರ ಎಂಟರಲ್ಲಿ ಐದು ಭಾಗ, ಅಂದರೆ 75,000 ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದರ ಮೇಲೆ 20% ಕೋ-ಪೇ (ನಾವೇ ಹಾಕಬೇಕಾದ ಪಾಲು) ಇದ್ದರೆ ಕೈಗೆ ಸಿಗುವುದು 60,000. ಔಷಧ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಅನುಪಾತದ ಕಡಿತ ಹಾಕುವಂತಿಲ್ಲ. ಹಾಕಿದ್ದರೆ ಲಿಖಿತವಾಗಿ ಪ್ರಶ್ನಿಸಿ. ದಾಖಲಾಗುವಾಗಲೇ ಮಿತಿಯೊಳಗಿನ ರೂಮ್ ಕೇಳುವುದೇ ಒಳ್ಳೆಯದು.

ಆಂಬುಲೆನ್ಸಿನ ಮಿತಿಯೂ ನಮ್ಮ ಜಿಲ್ಲೆಗೆ ಹೊಂದದು. ಆರೋಗ್ಯ ಸಂಜೀವಿನಿ ಒಂದು ದಾಖಲಾತಿಗೆ ಕೊಡುವುದು 2,000 ರೂಪಾಯಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ.; ಆಕ್ಸಿಜನ್ ಇರುವ ಖಾಸಗಿ ಗಾಡಿಗೆ ಇದು ಏನೇನೂ ಸಾಲದು.

ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಬೇಡಿ. ಬಿಪಿ, ಸಕ್ಕರೆ, ಹಳೆಯ ಸ್ಟೆಂಟ್ ಎಲ್ಲವನ್ನೂ ಅರ್ಜಿಯಲ್ಲಿ ಬರೆಯಿರಿ. 2024ರ ನಿಯಮದಂತೆ ಮೊದಲೇ ಇದ್ದ ಕಾಯಿಲೆಗೆ ಕ್ಲೇಮ್ ಸಿಗದೆ ಕಾಯುವ ಅವಧಿ 36 ತಿಂಗಳು ಮೀರುವಂತಿಲ್ಲ. ಸತತ 60 ತಿಂಗಳು ನಡೆದ ಪಾಲಿಸಿಯಲ್ಲಿ, ವಂಚನೆ ಸಾಬೀತಾಗದ ಹೊರತು, 'ಮಾಹಿತಿ ಕೊಟ್ಟಿರಲಿಲ್ಲ' ಎಂದು ಕ್ಲೇಮ್ ತಳ್ಳಿಹಾಕಲಾಗದು. ಈ ತಿಂಗಳುಗಳ ಎಣಿಕೆ ಉಳಿಯಬೇಕಾದರೆ ಪಾಲಿಸಿ ಒಮ್ಮೆಯೂ ತುಂಡಾಗಬಾರದು. ಕಾಫಿ ಬೆಳೆಗಾರರಿಗೆ ಇಲ್ಲೊಂದು ಮಾತು: ನವೀಕರಣದ ದಿನಾಂಕ ಆಗಸ್ಟ್, ಸೆಪ್ಟೆಂಬರಿಗೆ ಬಿದ್ದರೆ ಕೈಯಲ್ಲಿ ಹಣವಿರುವುದಿಲ್ಲ. ಹೊಸದಾಗಿ ಮಾಡಿಸುವವರು ರೋಬಸ್ಟಾ ಕೊಯ್ದು ಮಾರುವ ಫೆಬ್ರವರಿ, ಮಾರ್ಚ್‌ಗೆ ಆರಂಭದ ದಿನ ಇಟ್ಟುಕೊಳ್ಳಿ. ವಾರ್ಷಿಕ ಪ್ರೀಮಿಯಂಗೆ 30 ದಿನ ಹೆಚ್ಚುವರಿ ಗಡುವು ಇದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ನವೀಕರಣದ ರಸೀದಿಯಲ್ಲಿ ಅದು ಸೇರಿಲ್ಲವೆಂದು ನೋಡಿಕೊಳ್ಳಿ.

ಸೇನೆಯಿಂದ ನಿವೃತ್ತರಾದವರಿಗೆ ಇಸಿಎಚ್‌ಎಸ್ ಎಂಬ ಮಾಜಿ ಸೈನಿಕರ ಆರೋಗ್ಯ ಯೋಜನೆ ಇದೆ. ಅದು ಇದ್ದ ಮನೆಯಲ್ಲಿ ದುಬಾರಿ ಖಾಸಗಿ ಪಾಲಿಸಿಗಿಂತ ಮುಂದೆ ಹೇಳುವ ಆದಾಯದ ವ್ಯವಸ್ಥೆಗೇ ಮೊದಲು ಹಣ ಹಾಕುವುದು ಸರಿ. ಸಹಕಾರ ಸಂಘದ ಸದಸ್ಯರಿಗೆ ರಾಜ್ಯದ ಯಶಸ್ವಿನಿ ಆರೋಗ್ಯ ಯೋಜನೆ ಇದೆ. ಅದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ, ಪ್ರತಿ ವರ್ಷ ನೋಂದಣಿಯ ಅವಧಿಯಲ್ಲೇ ಹಣ ಕಟ್ಟಬೇಕು.

ಇನ್ನು ನಿಜವಾದ ಆರೈಕೆಯ ಹಣ. ಹೋಮ್ ನರ್ಸಿಗೆ ತಿಂಗಳಿಗೆ 25,000 ಎಂದಿಟ್ಟುಕೊಂಡರೆ ವರ್ಷಕ್ಕೆ 3 ಲಕ್ಷ. ಡೈಪರ್, ಕ್ಯಾತಿಟರ್, ಔಷಧ ಬೇರೆ. ಇದಕ್ಕೆ ತಿಂಗಳು ತಿಂಗಳು ಬರುವ ಆದಾಯ ಬೇಕು, ಕ್ಲೇಮ್ ಅಲ್ಲ. ನಮ್ಮ ಅನುಭವದಲ್ಲಿ ಮೊದಲ ಆಯ್ಕೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ. ಗರಿಷ್ಠ 30 ಲಕ್ಷ ಇಡಬಹುದು, 8.2% ದರದಲ್ಲಿ ಮೂರು ತಿಂಗಳಿಗೆ 61,500 ರೂಪಾಯಿ. ಬಡ್ಡಿ ಬರುವುದು ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಯಲ್ಲಿ. ತೋಟದಿಂದ ಏನೂ ಹುಟ್ಟದ ಜುಲೈ ಮತ್ತು ಅಕ್ಟೋಬರಿನ ಕಂತುಗಳೇ ಇದರ ದೊಡ್ಡ ಉಪಕಾರ.

ಗಂಭೀರ ಕಾಯಿಲೆಯ ಪಾಲಿಸಿ ಆರೈಕೆಗೆ ಹತ್ತಿರ ಬರುತ್ತದೆ, ಏಕೆಂದರೆ ಅದು ಬಿಲ್ ಕೇಳದೆ ಇಡೀ ಮೊತ್ತ ಕೊಡುತ್ತದೆ. ಆದರೆ ಲಕ್ವಕ್ಕೆ ಅದರಿಂದಾದ ನರದ ಊನ ಕನಿಷ್ಠ 3 ತಿಂಗಳು ಉಳಿದು ಅದು ಶಾಶ್ವತವೆಂದು ತೋರಿಸಬೇಕು. ಆ ಮೂರು ತಿಂಗಳ ಖರ್ಚನ್ನು ಕೈಯಿಂದಲೇ ಹಾಕಬೇಕಾಗುತ್ತದೆ. ಕೆಲವೇ ಗಂಟೆಗಳಲ್ಲಿ ಸರಿಹೋಗುವ ಸಣ್ಣ ಲಕ್ವಕ್ಕೆ ಹಣವಿಲ್ಲ. ಐವತ್ತು ವಯಸ್ಸಿನ ಒಳಗೆ ತೆಗೆದುಕೊಂಡರೆ ಮಾತ್ರ ಇದು ಲಾಭ. ಮನೆ ಅಡವಿಟ್ಟು ತಿಂಗಳ ಹಣ ಪಡೆಯುವ ರಿವರ್ಸ್ ಮಾರ್ಟ್‌ಗೇಜ್ ಸ್ವಯಾರ್ಜಿತ ಮನೆಗೆ ಮಾತ್ರ. ಐನ್‌ಮನೆಯನ್ನೋ (ಕೊಡವ ಕುಟುಂಬದ ಹಿರಿಯರ ಮನೆ) ಪಾಲಾಗದ ಜಮ್ಮಾ ಆಸ್ತಿಯನ್ನೋ (ಕೊಡಗಿನ ವಂಶಪಾರಂಪರ್ಯ ಭೂಮಿ) ನಂಬಿ ಅದರ ಲೆಕ್ಕ ಹಾಕಬೇಡಿ.

ಮಳೆಗಾಲದಲ್ಲಿ ಕರೆಂಟ್ ಹೋದಾಗಿನ ಏರ್ಪಾಡಿನ ಖರ್ಚನ್ನು ಯಾವ ವಿಮೆಯೂ ಕೊಡದು. ನಿಮಿಷಕ್ಕೆ 5 ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ತೆಗೆಯುವ ಯಂತ್ರ) ಸುಮಾರು 350 ವ್ಯಾಟ್ ಎಳೆಯುತ್ತದೆ. ಇನ್ವರ್ಟರಿನ 150 ಎಎಚ್‌ನ ಒಂದು ಬ್ಯಾಟರಿ ಮೂರು ಗಂಟೆ ಚಿಲ್ಲರೆ ತಾಳಬಹುದು. ಜೊತೆಗೆ ಬಿ-ಟೈಪ್ ಸಿಲಿಂಡರ್ ಒಂದು ತುಂಬಿಸಿಡಿ: 1,500 ಲೀಟರ್, ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ಗಂಟೆ. ಗಾಳಿ ಹಾಸಿಗೆಯ ಪಂಪ್ ನಿಂತರೆ ಹಾಸಿಗೆ ಕುಸಿದು ಬೆನ್ನು ಗಟ್ಟಿ ಮಂಚಕ್ಕೆ ತಾಗುತ್ತದೆ, ಹುಣ್ಣು ಶುರುವಾಗುವುದೇ ಅಲ್ಲಿ. ಕರೆಂಟ್ ಇರಲಿ ಬಿಡಲಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ನಿಲ್ಲಿಸಬಾರದು.

ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಯ ದೂರು ಅಧಿಕಾರಿಗೆ ಲಿಖಿತವಾಗಿ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ವಿಮೆಯ ದೂರುಗಳನ್ನು ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಿ. ಶುಲ್ಕವಿಲ್ಲ, ವಕೀಲರೂ ಬೇಡ.

ಕಾಗದಪತ್ರಗಳನ್ನು ಹಿರಿಯರು ಚೆನ್ನಾಗಿರುವಾಗಲೇ ಮುಗಿಸಿ. ಮಕ್ಕಳಿಗೆ ಕೊಟ್ಟ ಮುಖ್ತಿಯಾರ್‌ನಾಮೆ (ಪವರ್ ಆಫ್ ಅಟಾರ್ನಿ), ಕೊಟ್ಟವರ ಬುದ್ಧಿಸ್ವಾಸ್ಥ್ಯ ತಪ್ಪಿದರೆ, ಕಾನೂನಿನಂತೆ ಅಲ್ಲಿಗೇ ಬಿದ್ದುಹೋಗುತ್ತದೆ. ಮರೆವಿನ ಕಾಯಿಲೆಯಲ್ಲಿ ಅದನ್ನು ನೆಚ್ಚಿಕೊಂಡು ಕುಳಿತರೆ ಬ್ಯಾಂಕಿನಲ್ಲಿ ಹಣವಿದ್ದೂ ತೆಗೆಯಲಾಗದು. ಬಡ್ಡಿ ಜಮಾ ಆಗುವ ಉಳಿತಾಯ ಖಾತೆಗೆ ಮಗನನ್ನೋ ಮಗಳನ್ನೋ 'ಇಬ್ಬರಲ್ಲಿ ಯಾರಾದರೂ' ಎಂಬ ಷರತ್ತಿನಲ್ಲಿ ಸೇರಿಸಿ, ನಾಮಿನಿ ಬರೆಸಿ, ಪಾಲಿಸಿಯಲ್ಲಿರುವ ಮೊಬೈಲ್ ಸಂಖ್ಯೆ ಆಸ್ಪತ್ರೆಗೆ ಓಡಾಡುವವರದ್ದೇ ಎಂದು ಖಚಿತ ಮಾಡಿಕೊಳ್ಳಿ.